ಮೊದಲ ಗಿಡ ಇಡುವ ಕೈ

ಮಾವಿನ ಹೂವಿನ ವಾಸನೆ ಎಲ್ಲರೂ ಹೊಗಳುವಷ್ಟೇನೂ ಚೆನ್ನಾಗಿರುವುದಿಲ್ಲ. ಬೆಂಗಳೂರಿನಿಂದ ಬಂದವರು ಕಾರಿನ ಗಾಜು ಇಳಿಸಿ ‘ಆಹಾ’ ಎನ್ನುತ್ತಾರೆ. ವರ್ಷವೆಲ್ಲ ಮಾವಿನ ನಡುವೆಯೇ ಇರುವ ನಮಗೆ ಅದು ಒಂದಿಷ್ಟು ಒಗರು, ಒಂದಿಷ್ಟು ತಲೆನೋವು, ಜೊತೆಗೆ ಹೂವಿನ ರಸ ಹೀರುವ ಜಿಗಿಹುಳ ಬಿದ್ದೀತೇ ಎಂಬ ಚಿಂತೆ. ಈ ಮಾಘದಲ್ಲಿ ಯಲ್ದೂರು ರಸ್ತೆಯ ವೆಂಕಟರಮಣಪ್ಪನವರು ಫೋನ್ ಮಾಡಿ, ತಮ್ಮ ಹೊಸ ತೋಟ ಮೊದಲ ಸಲ ಹೂ ಬಿಟ್ಟಿದೆ, ಬಂದು ನೋಡಿಕೊಂಡು ಹೋಗು ಎಂದರು. ಹೋದೆ. ಗೇಟು ದಾಟುತ್ತಿದ್ದಂತೆ ಆ ವಾಸನೆ ಮುಖಕ್ಕೆ ಬಡಿಯಿತು. ಈಶಾನ್ಯ ಮೂಲೆಯಲ್ಲಿ ನಿಂತಿದ್ದ ಮರದ ಹತ್ತಿರ ನನ್ನ ಕಾಲು ತಾನಾಗಿ ನಿಂತಿತು. ಆ ಗಿಡವನ್ನು ನಾನು ಇಡಬೇಕಾಗಿತ್ತು. ಇಟ್ಟವನು ಬೇರೆಯವನು. ಅದಕ್ಕೆ ಕಾರಣವಾದ, ಕೆಲವು ವರ್ಷಗಳ ಹಿಂದಿನ ಮಳೆಗಾಲ ಹೂವಿನ ವಾಸನೆಯ ಜೊತೆಯಲ್ಲೇ ಮೂಗಿಗೇರಿತು.

ನಾನು ಕಸಿ ಕಟ್ಟುವವನು. ಶ್ರೀನಿವಾಸಪುರದಿಂದ ಯಲ್ದೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ನರ್ಸರಿ ಇದೆ. ನಾಟಿ ಮಾವಿನ ಓಟೆಗಳನ್ನು ಕವರಿನ ಮಣ್ಣಿನಲ್ಲಿ ಹೂತು ಸಸಿ ಎಬ್ಬಿಸುತ್ತೇವೆ. ಮಳೆ ಹಿಡಿದ ಮೇಲೆ ಸಸಿಯ ತಲೆ ಕತ್ತರಿಸಿ, ಒಳ್ಳೆಯ ಬಾದಾಮಿ ಮಾವಿನ ಮರದ ಕಡ್ಡಿಯನ್ನು ಬೆಣೆಯ ಹಾಗೆ ಕೆತ್ತಿ, ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರನ್ನು ಟೋಪಿಯ ಹಾಗೆ ತೊಡಿಸಿದರೆ ನಮ್ಮ ಕೆಲಸ ಮುಗಿಯಿತು. ಮಿಕ್ಕಿದ್ದು ದೇವರದು. ಆದರೆ ನಮ್ಮ ಕಡೆಯ ಜನ ದೇವರ ಪಾಲನ್ನೂ ಕಟ್ಟಿದವನ ಕೈಗೇ ಹಚ್ಚುತ್ತಾರೆ. ಕಸಿ ಚಿಗುರಿದರೆ ಕೈಗುಣ, ಒಣಗಿದರೂ ಕೈಗುಣ. ಬಾಯಿಗೆ ಬರುವುದು ಮಾತ್ರ ತೆಲುಗಿನ ‘ಹಸ್ತವಾಸಿ’.

ನಮ್ಮಪ್ಪನಿಗೆ ಆ ಹಸ್ತವಾಸಿ ಇತ್ತು. ಹೊಸ ತೋಟ ಮಾಡುವವರು ಈಶಾನ್ಯ ಮೂಲೆಯ ಮೊದಲ ಗಿಡವನ್ನು ಅಂಥವನ ಕೈಲೇ ಇಡಿಸುತ್ತಾರೆ. ಅವನು ಮಕ್ಕಳೊಂದಿಗನೂ ಆಗಿರಬೇಕು. ಗುಂಡಿಗೆ ಅರಿಶಿನ ಕುಂಕುಮ, ಒಂದು ಲೋಟ ಹಾಲು, ಪೂರ್ವಕ್ಕೆ ಮುಖ. ಅಪ್ಪ ಹೋದ ಮೇಲೆ ಆ ಕರೆ ನನಗೆ ಬರತೊಡಗಿತು. ನಾನು ಬಿ.ಎ. ಓದಿದವನು, ಇದನ್ನೆಲ್ಲ ನಂಬುವುದಿಲ್ಲ ಎಂದು ಹೇಳಿಕೊಂಡು ಓಡಾಡುತ್ತಿದ್ದೆ. ಆದರೂ ಕರೆದಲ್ಲೆಲ್ಲ ತಲೆಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಹೋಗುತ್ತಿದ್ದೆ. ಮೊದಲ ಗಿಡ ಇಟ್ಟವನ ಹತ್ತಿರವೇ ಜನ ಮಿಕ್ಕ ಗಿಡಗಳನ್ನೂ ಕೊಳ್ಳುತ್ತಾರೆ. ನಂಬಿಕೆ ಇಲ್ಲದಿದ್ದರೂ ಹೊಟ್ಟೆ ಇತ್ತಲ್ಲ.

ಆ ವರ್ಷದ ಮೇ ತಿಂಗಳು. ಮಂಡಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು, ಊರಿಗೆ ಊರೇ ಮಾವಿನ ಸೊನೆಯ ವಾಸನೆ ಹೊಡೆಯುತ್ತಿದ್ದ ಕಾಲ. ನನ್ನ ಹೆಂಡತಿ ಸುಜಾತಳಿಗೆ ಮುಟ್ಟು ತಪ್ಪಿತು. ಬೇರೆ ಮನೆಯಲ್ಲಾಗಿದ್ದರೆ ಸಂತೋಷದ ಸುದ್ದಿ. ನಮ್ಮ ಮನೆಯಲ್ಲಿ ಅವಳು ಅದನ್ನು ಹೇಳಿದಾಗ ಅವಳ ತುಟಿ ಬೆಳ್ಳಗಾಗಿತ್ತು. ನಮಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹಂಸ ಶಾಲೆಗೆ ಹೋಗುತ್ತಿದ್ದಳು. ಚಿಕ್ಕವಳು ಚಿನ್ನಿಗೆ ಆಗ ಎರಡು ವರ್ಷ. ಚಿನ್ನಿ ಹುಟ್ಟುವಾಗ ಎರಡನೇ ಸಲ ಹೊಟ್ಟೆ ಕೊಯ್ದು, ರಕ್ತ ನಿಲ್ಲದೆ, ಕೋಲಾರದ ಆಸ್ಪತ್ರೆಯ ವರಾಂಡದಲ್ಲಿ ನಾನು ರಕ್ತ ಕೊಡುವವರನ್ನು ಹುಡುಕಿಕೊಂಡು ಹುಚ್ಚನಂತೆ ಓಡಾಡಿದ್ದೆ. ಮೂರನೆಯದು ಬೇಡವೇ ಬೇಡ ಎಂದು ಡಾಕ್ಟರಮ್ಮ ಅವತ್ತೇ ಹೇಳಿದ್ದರು. ಅವಳ ಆ ಸ್ಥಿತಿಯಲ್ಲಿ ಅಲ್ಲೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಮುಗಿಸುವುದಕ್ಕೂ ಆಗಿರಲಿಲ್ಲ. ನಿರೋಧ್ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು. ಅದು ಕೈಕೊಟ್ಟಿದ್ದರಿಂದಲೇ ಈ ಗಾಬರಿ.

ಸುಗ್ಗಿಯ ಕೆಲಸ ಬಿಟ್ಟು ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಏನೂ ಆಗಿರಲಿಲ್ಲ, ಸುಮ್ಮನೆ ತಡವಾಗಿತ್ತು. ಸುಜಾತ ಬೆಂಚಿನ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು.

“ಈ ಸಲ ದೇವರು ಕಾಪಾಡಿದ. ಪ್ರತಿ ಸಲ ಅವನಿಗೆ ಪುರುಸೊತ್ತು ಇರಲ್ಲ” ಎಂದರು. “ಮಾತ್ರೆ ಇವರ ಬಿ.ಪಿ.ಗೆ ಆಗಲ್ಲ. ಕಾಪರ್-ಟಿ ಹಾಕಿ ರಕ್ತ ಹೋಗಿ ತೆಗೆದಾಯ್ತು. ಒಳಗೆಲ್ಲಾ ಅಂಟ್ಕೊಂಡಿದೆ, ಮತ್ತೆ ಹೊಟ್ಟೆ ತೆರೆಯೋದು ಅಪಾಯ. ಇನ್ನು ಉಳಿದಿರೋದು ನೀವು. ಗಂಡಸರದ್ದು ಹತ್ತು ನಿಮಿಷದ ಕೆಲಸ. ಹೊಲಿಗೆ ಕೂಡ ಇಲ್ಲ. ಯೋಚನೆ ಮಾಡಿ.”

ಯೋಚನೆ ಮಾಡುತ್ತೇನೆ ಎಂದೆ. ಆ ಮಳೆಗಾಲವಿಡೀ ನಾನು ಮಾಡಿದ್ದು ಅದೊಂದೇ.

ಅವತ್ತಿನಿಂದ ಸುಜಾತ ತನ್ನ ಚಾಪೆಯನ್ನು ಮಕ್ಕಳ ಮಗ್ಗುಲಿಗೆ ಎಳೆದುಕೊಂಡಳು. ಅದನ್ನು ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಇನ್ನೊಂದಿತ್ತು. ಹಗಲು ಹೊತ್ತಿನಲ್ಲೂ ನಾನು ಬಾಗಿಲು ದಾಟಿ ಒಳಗೆ ಬಂದರೆ, ಅವಳು ಎಲ್ಲಿ ಕುಳಿತಿರಲಿ, ಕೈ ಚಾಚಿ ಚಿನ್ನಿಯನ್ನು ಎಳೆದು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಆಟದಲ್ಲಿ ಮುಳುಗಿರುತ್ತಿದ್ದ ಮಗು ಕೊಸರಾಡುತ್ತಿತ್ತು. ಇವಳು ಬಿಡುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ, ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿಬಿಟ್ಟೆ.

“ನಿಮ್ಮ ಮೇಲೆ ಕೋಪ ಇಲ್ಲ ಕಣ್ರೀ” ಎಂದಳು. “ನೀವು ಬಾಗಿಲಿಗೆ ಬಂದ್ರೆ ಎದೆ ಹೊಡ್ಕೊಳ್ಳುತ್ತೆ. ಭಯ ಆಗುತ್ತೆ, ಅಷ್ಟೇ. ನಾನೇನ್ ಮಾಡ್ಲಿ.”

ನಾನು ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಅಂಥ ನನ್ನನ್ನು ಕಂಡರೆ ನನ್ನ ಹೆಂಡತಿಗೆ ಭಯ. ಆ ಮಾತು ಕೇಳಿದ ಮೇಲೆ ನನ್ನದೇ ಮನೆಯೊಳಗೆ ಹೋಗಬೇಕಾದರೂ ಹೊರಗೆ ಒಂದು ಸಲ ಕೆಮ್ಮಿ ಹೋಗತೊಡಗಿದೆ.

ಹಾಗಾದರೆ ಮಾಡಿಸಿಕೊಳ್ಳುವುದಕ್ಕೆ ಏನು ಕಷ್ಟವಿತ್ತು? ಮೊದಲನೆಯದಾಗಿ, ನನಗೇ ಹೆದರಿಕೆ. ಚಿಕ್ಕಂದಿನಲ್ಲಿ ಹುಣಸೆ ಮರದ ಕೆಳಗೆ ಹೋರಿಗಳನ್ನು ಕೆಡವಿ ಬೀಜ ಒಡೆಯುತ್ತಿದ್ದುದನ್ನು ನೋಡಿದ್ದೆ. ಅವು ಹಾಕುತ್ತಿದ್ದ ಕೂಗು ಕಿವಿಯಲ್ಲಿ ಉಳಿದುಬಿಟ್ಟಿತ್ತು. ಎರಡೂ ಒಂದೇ ಅಲ್ಲ ಎಂದು ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದ್ದರು. ತಲೆಗೆ ತಿಳಿದದ್ದು ಹೊಟ್ಟೆಗೆ ಇಳಿಯಬೇಕಲ್ಲ.

ಎರಡನೆಯದು ಅಮ್ಮ. ನಾನು ಅವಳಿಗೆ ಏನೂ ಹೇಳಿರಲಿಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆ ರತ್ನಕ್ಕ, ಕೋಲಾರದಲ್ಲಿ ಗಂಡಸರ ಆಪರೇಷನ್ ಮಾಡುತ್ತಿದ್ದಾರೆ ಎಂದು ಮನೆಮನೆಗೆ ಹೇಳಿಕೊಂಡು ಬಂದಿದ್ದಳು. ಅವಳು ಬೀದಿಯ ತುದಿಯಲ್ಲಿ ಕಂಡ ಕೂಡಲೇ ಗಂಡಸರೆಲ್ಲ ತೋಟದ ನೆನಪಾಗಿ ಎದ್ದು ಹೋಗುತ್ತಿದ್ದರು. ಕುಳಿತಲ್ಲೇ ಕುಳಿತು, ಬಾ ಅಕ್ಕ, ನೀರು ಕುಡಿ ಎಂದವನು ನಾನೊಬ್ಬನೇ. ಅಷ್ಟು ಸಾಕಾಯಿತು.

“ಹೆಂಗಸರನ್ನ ಆಟೋ ತುಂಬಾ ತುಂಬ್ಕೊಂಡು ಹೋಗಿದ್ದೀನಪ್ಪ. ಇಷ್ಟು ವರ್ಷದಲ್ಲಿ ಒಬ್ಬ ಗಂಡಸನ್ನ ಕರ್ಕೊಂಡು ಹೋಗಿಲ್ಲ. ನೀನು ಬರ್ತೀಯಾ ಹೇಳು, ನಾನೇ ಮುಂದೆ ನಿಂತು ಮಾಡಿಸ್ತೀನಿ” ಎಂದಳು ರತ್ನಕ್ಕ. ಅಮ್ಮ ಒಳಗಿನಿಂದ ಮೊರ ಹಿಡಿದುಕೊಂಡೇ ಬಂದಳು. ರತ್ನಕ್ಕ ಅರ್ಧ ಲೋಟ ನೀರು ಬಿಟ್ಟು ಎದ್ದಳು.

ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಬಹುದಿತ್ತು. ಕಂಬಕ್ಕೆ ಒರಗಿ ಕುಳಿತು ನಿಧಾನವಾಗಿ ಹೇಳಿದಳು: “ಬೀಜ ಒಡೆಸಿದ ಎತ್ತೂ ಉಳುತ್ತೆ ಕಣೋ ಮಂಜ. ಗಾಡೀನೂ ಎಳೆಯುತ್ತೆ. ಆದ್ರೆ ಅದನ್ನ ಯಾರೂ ಬಸವ ಅಂತ ಕೈ ಮುಗಿಯಲ್ಲ. ನಿಮ್ಮಪ್ಪನ ಕೈ ನಿನಗೆ ಬಂತು. ನಿನ್ನ ಕೈ ಯಾರಿಗೆ ಕೊಟ್ಟು ಹೋಗ್ತೀಯ? ಹೆಣ್ಮಕ್ಕಳು ನಾಳೆ ಇನ್ನೊಬ್ಬರ ಮನೆ ಬೆಳಗೋವು. ಒಂದು ಗಂಡಾಗ್ಲಿ, ಆಮೇಲೆ ಏನ್ ಬೇಕಾದ್ರೂ ಮಾಡಿಸ್ಕೋ.”

“ಒಂದು ಗಂಡಾಗೋಷ್ಟರಲ್ಲಿ ಅವಳು ಇರಲ್ಲಮ್ಮ” ಎಂದೆ.

“ಡಾಕ್ಟರು ಹಂಗೇ ಹೆದರಿಸ್ತಾರೆ. ನನಗೂ ನಿನ್ನ ಹೆರುವಾಗ ಉಳಿಯಲ್ಲ ಅಂದಿದ್ರು. ಉಳೀಲಿಲ್ವಾ?”

ಸುಜಾತ ಅಡುಗೆಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿಯ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಅಮ್ಮ ಕೆಟ್ಟವಳಲ್ಲ. ಚಿನ್ನಿ ಹುಟ್ಟಿದ ಮೇಲೆ ಸುಜಾತಳಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಬಾಣಂತನ ಮಾಡಿ ಎದ್ದು ಓಡಾಡುವ ಹಾಗೆ ಮಾಡಿದವಳು ಅವಳೇ. ಸೊಸೆಯನ್ನು ಉಳಿಸಿಕೊಂಡ ಆ ಕೈ ಇನ್ನೊಂದು ಸಲವೂ ಉಳಿಸಿಕೊಳ್ಳುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. ಅದಕ್ಕೇ ಅವಳ ಜೊತೆ ಜಗಳವಾಡಲು ನನಗೆ ಬಾಯಿ ಬರುತ್ತಿರಲಿಲ್ಲ.

ಮೂರನೆಯದು ಊರು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಕಸಿ ಶುರುವಾಯಿತು. ಆ ವರ್ಷದ ದೊಡ್ಡ ಆರ್ಡರು ಇದೇ ವೆಂಕಟರಮಣಪ್ಪನವರದು. ಮುಂದಿನ ಮಳೆಗಾಲಕ್ಕೆ ನಾಲ್ಕು ಎಕರೆಗೆ ಬಾದಾಮಿ ಗಿಡ ಬೇಕು, ಮೊದಲ ಗಿಡ ನೀನೇ ಇಡಬೇಕು ಎಂದು ಎಲೆಯಡಿಕೆ ಕೊಟ್ಟು ಹೋಗಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಗೋಣಿಚೀಲದ ಮೇಲೆ ಕುಳಿತು ಕಟ್ಟಿದೆ. ಹಂಸ ಶಾಲೆಯಿಂದ ಬಂದು ಪಕ್ಕದಲ್ಲಿ ಕುಳಿತು, ನನ್ನನ್ನು ನೋಡಿ ಆಟಕ್ಕೆ ಪೊರಕೆ ಕಡ್ಡಿಗೆ ಪಟ್ಟಿ ಸುತ್ತುತ್ತಿದ್ದಳು. ನನ್ನ ಬೆರಳು ಸೊನೆ ಹತ್ತಿ ಕಪ್ಪಾಗಿ ಬಿರಿಯುವಷ್ಟು ಕೆಲಸ. ಚಾಕು ಹಿಡಿದು ಸಸಿಯ ತಲೆ ಕತ್ತರಿಸುವಾಗೆಲ್ಲ ಹುಣಸೆ ಮರದ ಕೆಳಗಿನ ಹೋರಿಗಳು ನೆನಪಾಗುತ್ತಿದ್ದವು. ಅಂಥ ಕಾಲದಲ್ಲಿ ಅಂಥ ಕೆಲಸ ಸಿಕ್ಕಬಾರದು.

ರತ್ನಕ್ಕ ನಮ್ಮ ಮನೆಯಲ್ಲಿ ಕುಳಿತು ನೀರು ಕುಡಿದದ್ದು ಬಸ್‌ಸ್ಟಾಪಿನ ಟೀ ಅಂಗಡಿ ಮುಟ್ಟುವಷ್ಟರಲ್ಲಿ ಬೆಳೆದಿತ್ತು. ನಾನು ಹೋದರೆ ಅಲ್ಲಿದ್ದವರು ಬೆಂಚಿನಲ್ಲಿ ಜಾಗ ಮಾಡಿಕೊಡುತ್ತಿದ್ದರು. “ಕೂತ್ಕೋ, ಕೂತ್ಕೋ. ನೀನು ಜಾಸ್ತಿ ನಿಂತ್ಕೋಬಾರ್ದು” ಎಂದು ಒಬ್ಬ. “ಏನ್ಲಾ ಮಂಜ, ಕತ್ತರಿ ಹಾಕಿಸ್ಕೊಂಡ್ಯಂತೆ?” ಎಂದು ಇನ್ನೊಬ್ಬ. ನಕ್ಕೆ. ಇನ್ನೂ ಆಗಿಲ್ಲ ಎಂದರೆ ಹಾಗಾದರೆ ಯಾವಾಗ ಎನ್ನುತ್ತಾರೆ. ಆಗುವುದೇ ಇಲ್ಲ ಎನ್ನಲು ಸುಜಾತಳ ಮುಖ ಅಡ್ಡ ಬರುತ್ತಿತ್ತು. ಸುಮ್ಮನೆ ಟೀ ಕುಡಿದು ಬರುತ್ತಿದ್ದೆ. ಸುಮ್ಮನಿದ್ದುದನ್ನು ಅವರು ಹೌದು ಎಂದು ತಿಳಿದುಕೊಂಡರು.

ಆಮೇಲೆ ಮಳೆ ನಿಂತಿತು. ಆಷಾಢ ಮುಗಿಯುವ ಹೊತ್ತಿಗೆ ಮೋಡ ಚದುರಿ, ಮುಳಬಾಗಿಲು ಕಡೆಯಿಂದ ಒಣಗಾಳಿ ಬೀಸತೊಡಗಿತು. ನೆರಳುಬಲೆಯ ಕೆಳಗೂ ಬಿಸಿ. ನಾನೂ ಸುಜಾತಳೂ ದಿನವಿಡೀ ನೀರು ಚಿಮುಕಿಸಿದೆವು. ಆದರೂ ಒಂದು ಬೆಳಿಗ್ಗೆ ಐಸ್‌ಕ್ಯಾಂಡಿ ಟೋಪಿಗಳ ಒಳಗೆ ಕಡ್ಡಿಗಳು ಕಪ್ಪಗಾಗಿದ್ದವು. ಬೆರಳಲ್ಲಿ ಮುಟ್ಟಿದರೆ ಲಟಕ್ಕನೆ ಮುರಿದವು. ವೆಂಕಟರಮಣಪ್ಪನವರಿಗೆಂದು ಕಟ್ಟಿದ್ದರಲ್ಲಿ ಹತ್ತಕ್ಕೆ ಒಂದು ಉಳಿದಿದ್ದರೆ ಹೆಚ್ಚು.

ಕಸಿ ಒಣಗಿದ್ದು ಅದೇ ಮೊದಲಲ್ಲ. ಅಪ್ಪನ ಕಾಲದಲ್ಲೂ ಗಾಳಿಗೆ ಒಣಗುತ್ತಿತ್ತು. ಆಗ ಜನ ಗಾಳಿಯನ್ನು ಬೈಯುತ್ತಿದ್ದರು. ಈ ಸಲ ಅವರಿಗೆ ಕಾರಣ ಸಿದ್ಧವಾಗಿತ್ತು. ಮಂಜನ ಕೈ ಹೋಯಿತು, ಆಪರೇಷನ್ ಆಯಿತಂತೆ, ಅದಕ್ಕೇ ಹೋಯಿತು. ಅಮ್ಮನೂ ಒಣಗಿದ ಕಡ್ಡಿಯೊಂದನ್ನು ಹಿಡಿದುಕೊಂಡು ಬಂದು ನನ್ನ ಮುಖ ನೋಡಿದಳು. “ಅಮ್ಮ, ಇನ್ನೂ ಏನೂ ಮಾಡಿಸಿಲ್ಲ” ಎಂದೆ. “ಮನಸ್ಸಿನಲ್ಲಿ ಬಂತಲ್ಲ, ಅಷ್ಟು ಸಾಕು” ಎಂದಳು.

ಇದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾವ ಕೈ ಹೋದೀತೆಂದು ಹೆದರಿ ತಿಂಗಳುಗಟ್ಟಲೆ ಹೆಂಡತಿಯ ಭಯವನ್ನು ನೋಡಿಕೊಂಡು ಕುಳಿತಿದ್ದೆನೋ, ಆ ಕೈ ಏನೂ ಮಾಡಿಸದೆಯೇ ಹೋಗಿತ್ತು. ಮನೆಯೊಳಗೆ ಹೋದರೆ ಅವಳು ಮಗುವನ್ನು ಎಳೆದುಕೊಳ್ಳುವುದು, ಹೊರಗೆ ಹೋದರೆ ಬೆಂಚಿನಲ್ಲಿ ಜಾಗ ಕೊಡುವುದು. ನರ್ಸರಿಯ ಬೇಲಿಯೊಳಗೆ ಸತ್ತ ಕಡ್ಡಿಗಳನ್ನು ಕೀಳುತ್ತಾ ಕುಳಿತಿರುತ್ತಿದ್ದೆ. ಆ ದಿನಗಳಲ್ಲಿ ನನಗೆ ಇರಲು ಸರಿಯಾದ ಜಾಗ ಅದೊಂದೇ ಇತ್ತು.

ಶ್ರಾವಣದ ಮೊದಲ ವಾರ ವೆಂಕಟರಮಣಪ್ಪನವರು ಬಂದರು. ಅರವತ್ತು ದಾಟಿದವರು, ಅಪ್ಪನ ಗೆಳೆಯರು. ಮನೆಮಾತು ತೆಲುಗು, ಅವರ ಬಾಯಲ್ಲಿ ಅಪ್ಪ ಎಂದರೆ ‘ನಾಯನ’. ಸಾಲುಗಳ ನಡುವೆ ಓಡಾಡಿ, ಕಪ್ಪಾದ ಕಡ್ಡಿಗಳನ್ನು ನೋಡಿ, “ಅಯ್ಯೋ ದೇವುಡಾ” ಎಂದು ಅಂಗಳದ ಕಲ್ಲಿನ ಮೇಲೆ ಕುಳಿತರು. ಅಮ್ಮ ಬಾಗಿಲಲ್ಲಿ ನಿಂತಳು. ನಾನು ಉಳಿದ ನಾಲ್ಕಾರು ಗಿಡಗಳನ್ನು ಕ್ರೇಟಿನಲ್ಲಿಟ್ಟು ನೆರಳಿಗೆ ಒಯ್ಯುತ್ತಿದ್ದವನು ಹಾಗೇ ನಿಂತೆ.

“ನೋಡು ಮಂಜ” ಎಂದರು. “ಜನ ಏನೇನೋ ಅಂತಾರೆ. ನಾನು ಕಿವಿಗೆ ಹಾಕ್ಕೊಳ್ಳಲ್ಲ. ನಿಮ್ಮ ನಾಯನ ನನ್ನ ಹಳೇ ತೋಟದ ಮೊದಲ ಗಿಡ ಇಟ್ಟೋನು. ಈವತ್ತಿಗೂ ಒಂದು ವರ್ಷ ಕಾಯಿ ತಪ್ಪಿಲ್ಲ. ಆಪರೇಷನ್ ಆಗಿಲ್ಲ ಅಂತ ನಿನ್ನ ಬಾಯಲ್ಲಿ ಒಂದು ಮಾತು ಹೇಳ್ಬಿಡು. ಗಿಡ ಒಣಗಿದ್ರೆ ಒಣಗ್ಲಿ, ಮತ್ತೆ ಕಟ್ಟು. ಮೊದಲ ಗಿಡಾನೂ ನೀನೇ ಇಡು. ನಾನು ಊರೆಲ್ಲಾ ಹೇಳ್ತೀನಿ.”

ಆ ಮಾತು ನಿಜವೇ ಆಗಿತ್ತು, ಆಪರೇಷನ್ ಆಗಿರಲಿಲ್ಲ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಆರ್ಡರು ಉಳಿಯುತ್ತಿತ್ತು, ಅಪ್ಪನ ಹೆಸರು ಉಳಿಯುತ್ತಿತ್ತು, ಅಮ್ಮ ನೆಮ್ಮದಿಯಿಂದ ಮಲಗುತ್ತಿದ್ದಳು. ಅಮ್ಮ ಆಗಲೇ ತಲೆಯಾಡಿಸುತ್ತಿದ್ದಳು, ಹೇಳು, ಹೇಳು ಎನ್ನುವ ಹಾಗೆ. ಅವಳ ಹಿಂದೆ ಸುಜಾತ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದಳು. ಅಂಗಳದಲ್ಲಿ ಒಂದು ಸಲ ‘ಆಗಿಲ್ಲ’ ಎಂದರೆ ಆಮೇಲೆ ಎಂದೂ ಆಗುವ ಹಾಗಿಲ್ಲ ಎಂದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

“ಆಗಿದೆ” ಎಂದೆ.

ಯಾಕೆ ಹಾಗೆಂದೆ ಎಂದು ಇವತ್ತು ಕೇಳಿದರೂ ಸರಿಯಾಗಿ ಹೇಳಲಾರೆ. ಧೈರ್ಯದಿಂದ ಅಲ್ಲ. ಎಲ್ಲ ಕಡೆಯಿಂದಲೂ ಸಾಕಾಗಿ ಬಾಯಿಂದ ಬಿದ್ದುಹೋಯಿತು. ಅಮ್ಮನ ಕೈ ಬಾಗಿಲ ಚೌಕಟ್ಟು ಹಿಡಿಯಿತು. ವೆಂಕಟರಮಣಪ್ಪನವರು “ಏಮಿ?” ಎಂದರು. ಇಲ್ಲ, ತಮಾಷೆಗೆ ಅಂದೆ ಎಂದು ತಿದ್ದಿಕೊಳ್ಳಲು ಇನ್ನೂ ಹೊತ್ತಿತ್ತು. ಬಾಯಿ ತೆರೆದಿದ್ದೆ ಕೂಡ.

ಅಷ್ಟರಲ್ಲಿ ಸುಜಾತ ಮುಂದೆ ಬಂದಳು. ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ನೆಟ್ಟಗೆ ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಕ್ರೇಟಿಗೆ ಕೈ ಹಾಕಿದಳು.

“ರೀ, ಕೆಳಗಿಡಿ ಇದನ್ನ” ಎಂದಳು, ದಿನವೂ ಹೇಳುವ ಮಾತಿನ ಹಾಗೆ. “ಭಾರ ಎತ್ತಬೇಡಿ ಅಂತ ಡಾಕ್ಟರಮ್ಮ ಹೇಳಿಲ್ವಾ?”

ಕ್ರೇಟನ್ನು ತಾನೇ ಎತ್ತಿಕೊಂಡು ನೆರಳಿಗೆ ಹೋದಳು. ವೆಂಕಟರಮಣಪ್ಪನವರು ಕಾಫಿ ಮುಗಿಸಿ, ಲೋಟ ಬೋರಲು ಹಾಕಿ ಎದ್ದು ಹೋದರು. ಅಮ್ಮ ಒಳಗೆ ಹೋಗಿ ಮಲಗಿಬಿಟ್ಟಳು. ನಾನು ಸುಜಾತಳ ಹಿಂದೆ ನೆರಳುಬಲೆಯ ಕೆಳಗೆ ಹೋದೆ.

“ಈಗ ಏನು ಮಾಡೋದು?” ಎಂದೆ.

“ಮಾಡೋದೇನು. ಹೇಳಿದ್ದನ್ನ ಮಾಡೋದು” ಎಂದಳು. ಗಿಡಗಳನ್ನು ಒಂದೊಂದಾಗಿ ಇಳಿಸಿಟ್ಟಳು. “ನಿಮಗೆ ಇಷ್ಟ ಇಲ್ಲಾಂದ್ರೆ ಬೇಡ. ಇನ್ನು ಬೈಸ್ಕೊಳ್ಳೋದಂತೂ ಆಗೋಯ್ತು.”

ಆ ವಾರವೇ ರತ್ನಕ್ಕನ ಜೊತೆ ಕೋಲಾರದ ಬಸ್ಸು ಹತ್ತಿದೆ. ಹಿಂದಿನ ಸಂಜೆ ಹೋಗಿ ಅವಳಿಗೆ ನಡೆದದ್ದನ್ನೆಲ್ಲ ಹೇಳಿದ್ದೆ. ಹಾಗಾಗಿ ಅವಳು ಬಸ್ಸಿನಲ್ಲಿ ನನ್ನ ಗುರುತೇ ಇಲ್ಲದವಳಂತೆ ಮುಂದಿನ ಸೀಟಿನಲ್ಲಿ ಕುಳಿತಳು. ಆದರೆ ಅವಳ ಬೆನ್ನು ನೋಡಿದರೇ ಅವಳಿಗಾದ ಹೆಮ್ಮೆ ತಿಳಿಯುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕಾಲು ಹಿಂದಕ್ಕೆ ಎಳೆಯಿತು. ಶ್ರೀನಿವಾಸಪುರದ ಬಸ್ಸು ಇನ್ನೂ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ, ಓಡಿದರೆ ಸಿಗುತ್ತದೆ ಎಂದೂ ಲೆಕ್ಕ ಹಾಕಿದೆ. ಓಡಿದರೆ ಎಲ್ಲಿಗೆ ಓಡುವುದು? ಊರಿಗೂ ಅಮ್ಮನಿಗೂ ಆಗಲೇ ಆಪರೇಷನ್ ಆದವನು, ಸುಜಾತಳಿಗೆ ಆಗದವನು. ಒಳಗೆ ಹೋದೆ. ಡಾಕ್ಟರಮ್ಮ ಹೇಳಿದ್ದು ಸುಳ್ಳಲ್ಲ. ಒಂದು ಇಂಜೆಕ್ಷನ್ ಚುರುಕ್ ಎಂದಿತು, ಆಮೇಲೆ ಏನೋ ಎಳೆದಂತಾಯಿತು, ಸೀಲಿಂಗಿನ ಫ್ಯಾನು ನೋಡುತ್ತಾ ಮಲಗಿದ್ದೆ, ಮುಗಿಯಿತು ಎಂದರು. ಹೋರಿಗಳ ಕೂಗು ಕೇಳಿಸಲಿಲ್ಲ. ಮೂರು ತಿಂಗಳು ಎಚ್ಚರಿಕೆಯಿಂದಿರಿ, ಆಮೇಲೆ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ನಂಬುವ ಹಾಗಿಲ್ಲ ಎಂದು ಹೇಳಿ ಕಳಿಸಿದರು.

ಕಷ್ಟವಾದದ್ದು ವಾಪಸು ಬಂದಾಗ. ಊರಿನ ಲೆಕ್ಕದಲ್ಲಿ ನನಗೆ ಆಪರೇಷನ್ ಆಗಿ ತಿಂಗಳು ಕಳೆದಿತ್ತು. ನೋವು ತೋರಿಸುವ ಹಾಗಿರಲಿಲ್ಲ. ಬಸ್ಸಿಳಿದು ಟೀ ಅಂಗಡಿಯ ಮುಂದೆ ಹಲ್ಲು ಕಚ್ಚಿಕೊಂಡು, ಎದೆ ಸೆಟೆಸಿ, ಪೊಲೀಸಿನವನ ಹಾಗೆ ನಡೆದು ಹೋದೆ. ತಿರುವು ದಾಟಿದ ಮೇಲೆ ಬೇಲಿ ಹಿಡಿದು ನಿಂತುಕೊಂಡೆ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಕಾಲು ಅಗಲಿಸಿ ಬಾತುಕೋಳಿಯ ಹಾಗೆ ನಡೆಯುತ್ತಿದ್ದೆ. ಅಂಗಳದಲ್ಲಿದ್ದ ಅಮ್ಮ ಕತ್ತೆತ್ತಿ ನೋಡಿದಳು. ಅಂಗಳದ ಆ ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನನ್ನ ನಡಿಗೆ ನೋಡಿ ಅವಳಿಗೆ ಎಲ್ಲ ತಿಳಿದುಹೋಯಿತು.

ಒಳಗೆ ಹೋಗಿ ಒಂದು ಬಟ್ಟಲು ರಾಗಿ ಅಂಬಲಿಗೆ ಉಪ್ಪು ಮಜ್ಜಿಗೆ ಹಾಕಿ ತಂದು ಮುಂದಿಟ್ಟಳು.

“ಅವತ್ತು ಹೇಳಿದ್ದು ಸುಳ್ಳಾ?” ಎಂದಳು.

“ಹೂಂ.”

“ಸುಳ್ಳು ಹೇಳೋಕೆ ಬೇರೇನೂ ಸಿಗಲಿಲ್ವೇನೋ ನಿನಗೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಕುಡಿ. ಆರೋಗುತ್ತೆ.”

ಅಮ್ಮ ಒಪ್ಪಿಕೊಂಡಳು ಎಂದು ಯಾರೂ ತಿಳಿಯಬಾರದು. ಇಂದಿಗೂ ಒಂದು ಕಸಿ ಒಣಗಿದರೆ ಅವಳು ನನ್ನನ್ನು ನೋಡುತ್ತಾಳೆ. ನೂರು ಚಿಗುರಿದರೆ ‘ನಿಮ್ಮಪ್ಪನ ಪುಣ್ಯ’ ಎನ್ನುತ್ತಾಳೆ. ಮನೆಯಲ್ಲಿ ಗಂಡು ಮಗು ಇಲ್ಲದ ದುಃಖ ಅವಳಿಗೆ ಇದೆ, ಅದು ಸಾಯುವವರೆಗೂ ಇರುತ್ತದೆ. ಅದನ್ನು ಕೊಟ್ಟವನು ನಾನು ಎಂಬುದು ನನಗೂ ತಿಳಿದಿದೆ.

ಭಾದ್ರಪದದಲ್ಲಿ ಮಳೆ ಮತ್ತೆ ಬಂತು, ಈ ಸಲ ಮನಸ್ಸಿಟ್ಟು ಬಂತು. ವೆಂಕಟರಮಣಪ್ಪನವರು ಕೊಡೆ ಹಿಡಿದುಕೊಂಡು ಬಂದು ಬೇಲಿಯ ಆಚೆಯೇ ನಿಂತರು. ಸುತ್ತಮುತ್ತಲ ನರ್ಸರಿಗಳಿಗೆಲ್ಲ ಹೋಗಿ ಬಂದಿದ್ದರು. ಆ ಗಾಳಿಗೆ ಎಲ್ಲರ ಕಸಿಯೂ ಒಣಗಿತ್ತು. “ಎಲ್ಲೂ ಗಿಡ ಇಲ್ಲಪ್ಪ. ನೀನೇ ಕಟ್ಟು” ಎಂದರು. “ಇಡೋದು ಮಾತ್ರ ನಮ್ಮ ಬೈರಕೂರು ಭಾವಮೈದನ ಕೈಲಿ ಇಡಿಸ್ತೀನಿ. ನಾಲ್ಕು ಗಂಡುಮಕ್ಕಳ ತಂದೆ ಅವನು. ತಪ್ಪು ತಿಳ್ಕೋಬೇಡ.” ಎಲ್ಲರದೂ ಒಣಗಿದ್ದರೆ ನನ್ನ ಕೈಯ ತಪ್ಪೇನು ಎಂದು ಕೇಳಬಹುದಿತ್ತು. ಅದನ್ನು ಬಿಟ್ಟು ಮತ್ತೆ ಗೋಣಿಚೀಲದ ಮೇಲೆ ಕುಳಿತೆ. ಕಟ್ಟಿದ್ದೆಲ್ಲ ಚಿಗುರಿತು. ಟೋಪಿಯೊಳಗೆ ತಾಮ್ರದ ಬಣ್ಣದ ಎಲೆ ಕಂಡ ದಿನ ನನಗೂ ಒಳಗೊಳಗೇ ಜೀವ ಬಂದ ಹಾಗಾಯಿತು. ಕೈ ಹೋಯಿತೇನೋ ಎಂಬ ಹುಳು ನನ್ನೊಳಗೂ ಹೊಕ್ಕಿತ್ತು ಎನ್ನುವುದು ಆಗ ಗೊತ್ತಾಯಿತು.

ಅವರೆಕಾಯಿಯ ಕಾಲಕ್ಕೆ ಪರೀಕ್ಷೆ ಮಾಡಿಸಿದೆ. ಇನ್ನು ಭಯವಿಲ್ಲ ಎಂದರು. ಹಾರಿಕೊಂಡು ಮನೆಗೆ ಬಂದೆ. ಸುಜಾತ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಒಳಗೆ ಬಂದ ಕೂಡಲೇ ಚಿನ್ನಿಯನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ವಿಷಯ ಹೇಳಿದೆ. “ಒಳ್ಳೇದಾಯ್ತು ಬಿಡಿ” ಎಂದಳು. ಮಗುವನ್ನು ಮಾತ್ರ ಇಳಿಸಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಕಳೆದುಕೊಂಡು ತಂದದ್ದನ್ನು ಇವಳು ಒಂದು ಮಾತಿನಲ್ಲಿ ಮುಗಿಸಿಬಿಟ್ಟಳಲ್ಲ ಎನಿಸಿತು. ಆಮೇಲೆ ಅವಳ ಮುಖ ನೋಡಿದೆ. ಅವಳಿಗೇ ಗೊತ್ತಿಲ್ಲದಂತೆ ಆ ಕೈ ಮಗುವಿನ ಕಡೆ ಹೋಗಿತ್ತು. ಮರುದಿನವೂ ಹೋಯಿತು, ಅದರ ಮರುದಿನವೂ. ನಾನು ಹೊರಗೆ ಕೆಮ್ಮಿಯೇ ಒಳಗೆ ಬರುತ್ತಿದ್ದೆ.

ಈಗ ಈ ಹೂ ಬಿಟ್ಟ ತೋಟದಲ್ಲಿ ವೆಂಕಟರಮಣಪ್ಪನವರು ಈಶಾನ್ಯ ಮೂಲೆಯ ಮರದ ಬೆನ್ನು ತಟ್ಟುತ್ತಾ ನಿಂತಿದ್ದರು. ತೋಟದ ಒಂದೊಂದು ಮರವೂ ಆ ಭಾದ್ರಪದದಲ್ಲಿ, ಆಪರೇಷನ್ ಆದ ಮೇಲೆ, ನನ್ನ ಈ ಕೈ ಕಟ್ಟಿದ್ದು. “ನೋಡಿದ್ಯಾ ಮಂಜ, ಒಂದು ಗಿಡಾನೂ ಹೋಗಿಲ್ಲ” ಎಂದರು. “ಏನೇ ಅನ್ನು, ನಮ್ಮ ಭಾವಮೈದನ ಹಸ್ತವಾಸಿ ದೊಡ್ಡದಪ್ಪ.”

“ಹೌದು, ದೊಡ್ಡದೇ” ಎಂದೆ.

ಅವರು ನನ್ನ ಮುಖ ನೋಡಿದರು. ನನಗೆ ನೋವಾಗಿದೆಯೇ ಎಂದು ನೋಡಿದರೋ ಏನೋ. ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನಗೆ ಆಗ ನೆನಪಾಗುತ್ತಿದ್ದುದು ಬೇರೆ. ಆ ಮಳೆಗಾಲ ಕಳೆದು ಬಂದ ಸಂಕ್ರಾಂತಿಯ ಮುಂಚಿನ ಒಂದು ಮಧ್ಯಾಹ್ನ. ಅಮ್ಮ ಎಳ್ಳು ಬೀರಲು ಕೊಬ್ಬರಿ ತರಲೆಂದು ಪೇಟೆಗೆ ಹೋಗಿದ್ದಳು, ಹಂಸ ಶಾಲೆಗೆ. ನಾನು ನರ್ಸರಿಯಿಂದ ಬಂದವನು ಅಂಗಳದಲ್ಲಿ ಕಾಲು ತೊಳೆದು, ವಾಡಿಕೆಯಂತೆ ಒಂದು ಸಲ ಕೆಮ್ಮಿ, ಹೊಸ್ತಿಲು ದಾಟಿದೆ. ಸುಜಾತ ಗೋಡೆಗೊರಗಿ ಕುಳಿತು ಬೆಲ್ಲ ಹೆಚ್ಚುತ್ತಿದ್ದಳು. ಚಿನ್ನಿ ಬೆಲ್ಲದ ಆಸೆಗೆ ತಾನಾಗಿಯೇ ಹೋಗಿ ಅವಳ ಮಡಿಲಲ್ಲಿ ಕುಳಿತಿತ್ತು. ಸುಜಾತ ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಚೂರು ಬೆಲ್ಲವನ್ನು ಮಗುವಿನ ಕೈಗಿಟ್ಟು, ಕಂಕುಳಿಗೆ ಕೈ ಕೊಟ್ಟು ಎತ್ತಿ, ಕೆಳಗೆ ನಿಲ್ಲಿಸಿದಳು.

“ಹೋಗು ಕಂದ, ಆಚೆ ಆಡ್ಕೋ ಹೋಗು” ಎಂದಳು. “ಅಪ್ಪ ಬಂದ್ರು.”